ಧೂಳಿನ ಲೆಕ್ಕ ಹಾಲಿನ ಕ್ಯಾಲೆಂಡರಿನಲ್ಲಿದೆ

ಆಷಾಢ ಬಂತು ಅಂದ್ರೆ ನಮ್ಮ ಕೋಲಾರದ ಕಡೆ ಗಾಳಿ ಜೋರು. ಕೆಜಿಎಫ್‌ನಲ್ಲಿ ಚಿನ್ನ ತೆಗೆದ ಮೇಲೆ ಉಳಿದ ಕಲ್ಲಿನ ಹಿಟ್ಟು ಸುರಿದ ಸೈನೈಡ್ ದಿಬ್ಬಗಳ ಬುಡದಲ್ಲಿ ಇರುವವರಿಗೆ ಗಾಳಿ ಅಂದ್ರೆ ಧೂಳು. ಅನ್ನದ ಮೇಲೆ, ಹಾಸಿಗೆ ಮೇಲೆ, ಮಲಗಿದ ಮಗುವಿನ ರೆಪ್ಪೆ ಮೇಲೆ.

ನಾನು ಬಂಗಾರಪೇಟೆಯವಳು. ಓದಿದ್ದು ಮಾನವಶಾಸ್ತ್ರ. ಕಳೆದ ವರ್ಷ ಮನೆಯೊಳಗಿನ ಗಾಳಿಯ ಒಂದು ಸರ್ವೆಗೆ ಕೆಜಿಎಫ್‌ನ ಮಾರಿಕುಪ್ಪಂ ಕಡೆ ಹೋಗಿದ್ದೆ, ಕೈಯಲ್ಲಿ ನಾಲ್ಕು ಪುಟದ ಫಾರಂ. ಸೌದೆ ಒಲೆ ಇದೆಯಾ? ಮನೆಯಲ್ಲಿ ಬೀಡಿ ಸೇದುವವರು ಇದ್ದಾರಾ? ಕಿಟಕಿ ಇದೆಯಾ? ಗಣಿ ಕಾರ್ಮಿಕರಿಗೆ ಸಾಲಾಗಿ ಕಟ್ಟಿದ ಹಳೇ ಲೈನ್ ಮನೆಯ ಒಬ್ಬ ಅಕ್ಕ ಉತ್ತರ ಹೇಳುತ್ತಾ ಹೋದರು. ಒಲೆ ಗ್ಯಾಸಿನದು. ಬೀಡಿ ಯಾರೂ ಸೇದಲ್ಲ. ಕಿಟಕಿ ಒಂದಿದೆ. ಫಾರಂ ಪ್ರಕಾರ ಆ ಮನೆಯ ಗಾಳಿಗೆ ಏನೂ ತೊಂದರೆ ಇಲ್ಲ. ಆದರೆ ಆ ಒಂದೇ ಕಿಟಕಿಗೆ ಹಳೇ ಸೀರೆಯನ್ನು ನೀರಲ್ಲಿ ಅದ್ದಿ ತುರುಕಿದ್ದರು. ಒಳಗೆ ಬೆವರು ಸುರಿಯುವ ಸೆಕೆ. ಮನೆ ಹಿಂದೆ ಏನಿದೆ ಅಂತ ಕೇಳುವ ಪ್ರಶ್ನೆಯೇ ಫಾರಂನಲ್ಲಿ ಇರಲಿಲ್ಲ.

ಗೋಡೆಯಲ್ಲಿ ಬಾಬಾಸಾಹೇಬರ ಫೋಟೋ. ಅಕ್ಕ ಸೆರಗಿನಿಂದ ಗಾಜು ಒರೆಸಿ ಸೆರಗನ್ನು ನನ್ನ ಮುಂದೆ ಹಿಡಿದರು. ಬೂದು ಬಿಳುಪಿನ ಹಿಟ್ಟು. "ಬೆಳಿಗ್ಗೆ ಒರೆಸಿದ್ದೆ ಕಣಮ್ಮ, ಈಗ ನೋಡು" ಅಂದರು. ಆ ಹಿಟ್ಟನ್ನು ಬೆರಳಲ್ಲಿ ಉಜ್ಜಿ ನೋಡಿದೆ. ಟಾಲ್ಕಂ ಪೌಡರಿನಷ್ಟು ನುಣುಪು.

ಸೈನೈಡ್ ಅನ್ನೋ ಹೆಸರು ಕೇಳಿ ಹೊರಗಿನವರು ಹೆದರುತ್ತಾರೆ. ನನಗೆ ಜಾಸ್ತಿ ಹೆದರಿಕೆ ಆ ನುಣುಪಿನದು. ಚಿನ್ನ ಇದ್ದದ್ದು ಬೆಣಚುಕಲ್ಲಿನ ಪದರಗಳಲ್ಲಿ. ಆ ಕಲ್ಲನ್ನು ಮೇಲಕ್ಕೆ ತಂದು, ಪುಡಿ ಮಾಡಿ, ಸೈನೈಡ್ ನೀರಿನಲ್ಲಿ ಚಿನ್ನ ಕರಗಿಸಿ ತೆಗೆದು, ಉಳಿದ ಹಿಟ್ಟನ್ನು ಹೊರಗೆ ಸುರಿಯುತ್ತಿದ್ದರು. 1880ರಲ್ಲಿ ಬ್ರಿಟಿಷರ ಜಾನ್ ಟೇಲರ್ ಕಂಪನಿ ಬಂದಾಗಿನಿಂದ 2001ರ ಫೆಬ್ರವರಿ 28ಕ್ಕೆ ಸರ್ಕಾರಿ ಗಣಿ ಕಂಪನಿ ಬಿಜಿಎಂಎಲ್ ಬಾಗಿಲು ಹಾಕುವವರೆಗೆ ಇಲ್ಲಿಂದ ಹೋದ ಚಿನ್ನ 800 ಟನ್‌ಗೂ ಜಾಸ್ತಿ. ಇಲ್ಲೇ ಉಳಿದ ಹಿಟ್ಟು 3 ಕೋಟಿ ಟನ್‌ಗೂ ಮೇಲೆ. ಬಿಸಿಲಿಗೆ ಸೈನೈಡ್ ನಿಧಾನವಾಗಿ ಒಡೆದು ಹೋಗುತ್ತದೆ. ಕಲ್ಲಿನ ಹಿಟ್ಟು ಎಲ್ಲಿಗೂ ಹೋಗಲ್ಲ. ಅದರಲ್ಲಿರುವ ಸಿಲಿಕಾ ಉಸಿರಿನ ಜೊತೆ ಒಳಗೆ ಹೋಗಿ ಶ್ವಾಸಕೋಶದಲ್ಲಿ ಗಾಯ ಮಾಡುತ್ತದೆ, ಗಾಯ ಒಣಗಿ ಗಟ್ಟಿಯಾಗುತ್ತದೆ. ಅದೇ ಸಿಲಿಕೋಸಿಸ್. ಅದು ಬಂದವರಿಗೆ ಟಿಬಿ ಬೇಗ ಅಂಟುತ್ತದೆ. ಎಷ್ಟೋ ಜನರಿಗೆ ಸಿಲಿಕೋಸಿಸ್ ಅನ್ನೇ ಟಿಬಿ ಅಂತ ತಿಳಿದು ಮಾತ್ರೆ ಕೊಡುತ್ತಾರೆ. ಈ ಸಿಲಿಕಾ ಧೂಳು ಕ್ಯಾನ್ಸರ್ ತರುತ್ತದೆ ಅಂತ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲೇ ಹೇಳಿದೆ.

ಇದು ಹೊಸದಾಗಿ ಗೊತ್ತಾದ ಸಂಗತಿಯೂ ಅಲ್ಲ. 1940ರಿಂದ 46ರ ನಡುವೆ ಇದೇ ಗಣಿಯ 7,653 ಕಾರ್ಮಿಕರನ್ನು ಪರೀಕ್ಷೆ ಮಾಡಿದಾಗ ನೂರರಲ್ಲಿ 43 ಜನಕ್ಕೂ ಹೆಚ್ಚು ಮಂದಿಗೆ ಸಿಲಿಕೋಸಿಸ್ ಇತ್ತು. ಆದರೆ ಅದು ಗಣಿಯೊಳಗೆ ಇಳಿದ ಗಂಡಸರ ಲೆಕ್ಕ. ಮೇಲೆ ಲೈನ್ ಮನೆಯಲ್ಲಿ ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ ಧೂಳು ಗುಡಿಸಿದ ಹೆಂಗಸರ ಲೆಕ್ಕ ಎಲ್ಲಿದೆ?

ಆ ಮನೆಗಳಲ್ಲಿ ಯಾರಿದ್ದಾರೆ ಅನ್ನೋದನ್ನು ಬಿಟ್ಟು ಮಾತಾಡಕ್ಕಾಗಲ್ಲ. ಉತ್ತರ ಆರ್ಕಾಟ್ ಕಡೆಯಿಂದ, ಚಿತ್ತೂರು ಕಡೆಯಿಂದ ಬಂದ, ತುಂಡು ಭೂಮಿಯೂ ಇಲ್ಲದ ದಲಿತರೇ ಗಣಿಯ ಆಳಕ್ಕೆ ಇಳಿದವರಲ್ಲಿ ಹೆಚ್ಚು. ದೊರೆಗಳಿಗೆ ತೋಟದ ಬಂಗಲೆ, ಗಾಲ್ಫ್ ಮೈದಾನ. ಇವರಿಗೆ ಬಿದಿರು ತಟ್ಟಿಯ ಸಾಲು ಮನೆ, ಒಂದೊಂದೇ ಕೋಣೆ. ಗಣಿ ಮುಚ್ಚಿದ ಮೇಲೆ ಮಕ್ಕಳು ಬೆಳಗಿನ ಜಾವದ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ, ರಾತ್ರಿ ಬಂದು ಅದೇ ಧೂಳಲ್ಲಿ ಮಲಗುತ್ತಾರೆ. ಧೂಳು ಯಾರ ಜಾತಿಯನ್ನೂ ಕೇಳಲ್ಲ ಅಂತ ಒಬ್ಬರು ನನಗೆ ಹೇಳಿದರು. ಧೂಳು ಕೇಳಲ್ಲ, ನಿಜ. ಆದರೆ ದಿಬ್ಬದ ಪಕ್ಕದ ಮನೆ ಯಾರಿಗೆ ಅಂತ ತೀರ್ಮಾನ ಮಾಡಿದವರು ಕೇಳಿದ್ದರು.

ಅಮೆರಿಕದ ನಾರ್ತ್ ಕೆರೊಲಿನಾದ ವಾರೆನ್ ಕೌಂಟಿಯಲ್ಲಿ 1982ರಲ್ಲಿ ಕಪ್ಪು ಜನರ ಊರಿನ ಪಕ್ಕ ಪಿಸಿಬಿ ವಿಷ ಬೆರೆತ ಮಣ್ಣು ಸುರಿಯಲು ಬಂದಾಗ ಜನ ಲಾರಿಗಳಿಗೆ ಅಡ್ಡ ಮಲಗಿದರು, 500ಕ್ಕೂ ಹೆಚ್ಚು ಜನ ಅರೆಸ್ಟ್ ಆದರು. ಪರಿಸರ ಅನ್ಯಾಯ ಅನ್ನೋ ಮಾತಿಗೆ ಬಲ ಬಂದಿದ್ದು ಅಲ್ಲಿಂದ. ಆದರೆ ನನಗೆ ಇದಕ್ಕಿಂತ ಹತ್ತಿರ ಅನ್ನಿಸೋದು ಅರ್ಜೆಂಟೀನಾದ ಕೆಲಸ. ಬ್ಯೂನಸ್ ಐರಿಸ್ ಪಕ್ಕ ಪೆಟ್ರೋಕೆಮಿಕಲ್ ಕಾರ್ಖಾನೆಗಳ ನಡುವಿನ ಒಂದು ಬಡ ಬಡಾವಣೆ. ಅಲ್ಲೇ ಬೆಳೆದ ಡೆಬೊರಾ ಸ್ವಿಸ್ಟನ್ ಮಾನವಶಾಸ್ತ್ರ ಓದಿ, ಸಮಾಜಶಾಸ್ತ್ರಜ್ಞ ಹಾವಿಯರ್ ಅವುಯೇರೊ ಜೊತೆ ತನ್ನ ನೆರೆಹೊರೆಯವರನ್ನೇ ಅಧ್ಯಯನ ಮಾಡಿದರು. ಶಾಲೆ ಮಕ್ಕಳ ಕೈಗೆ ಕ್ಯಾಮೆರಾ ಕೊಟ್ಟು, ನಿಮ್ಮ ಏರಿಯಾದಲ್ಲಿ ಇಷ್ಟ ಆಗೋದು, ಆಗದೇ ಇರೋದು ಎರಡನ್ನೂ ತೆಗೆದುಕೊಂಡು ಬನ್ನಿ ಅಂದರು. ಆ ಜನರಿಗೆ ಡಾಕ್ಟರ್ ಒಂದು ಹೇಳ್ತಾರೆ, ಕಂಪನಿ ಒಂದು, ಅಧಿಕಾರಿ ಇನ್ನೊಂದು. ಕೇಳಿ ಕೇಳಿ ಗೊಂದಲವಾಗಿ ಜನ ಕಾಯುತ್ತಾ ಕೂತುಬಿಡುತ್ತಾರೆ ಅನ್ನೋದು ಅವರು ಕಂಡಿದ್ದು.

ಇದನ್ನು ನಾನು ಮಾರಿಕುಪ್ಪಂನಲ್ಲಿ ಕಣ್ಣಾರೆ ನೋಡಿದೆ. ಅಕ್ಕನ ಗಂಡ, "ನಮ್ಮಪ್ಪ ಇದೇ ಧೂಳು ಕುಡಿದು 80 ವರ್ಷ ಬದುಕಿದರು, ಇದಕ್ಕೇನಾಗುತ್ತೆ" ಅಂದರು. ಅಕ್ಕ ತಕ್ಷಣ, "ನಿಮ್ಮಣ್ಣ 50ಕ್ಕೆ ಹೋಗಲಿಲ್ವಾ?" ಅಂದರು. ಇಬ್ಬರೂ ಸುಮ್ನಾದರು. ನನ್ನ ಫಾರಂನಲ್ಲಿ ಆ ಮೌನ ಬರೆಯೋಕೆ ಜಾಗ ಇರಲಿಲ್ಲ. ಒಂದು ದಿನ ಹೋಗಿ ಟಿಕ್ ಹಾಕಿಕೊಂಡು ಬಂದರೆ ಸಾಲದು. ವರ್ಷಗಟ್ಟಲೆ ಹೋಗಿ ಬಂದು ಮಾಡಬೇಕು, ಅಲ್ಲಿಯ ಹುಡುಗ ಹುಡುಗಿಯರೇ ಮಾಡಬೇಕು.

ಗಾಳಿ ಅಳೆಯುವ ಮಷಿನ್ ಬೇಡ ಅಂತಲ್ಲ, ಬೇಕೇ ಬೇಕು. ಕೋಲಾರದಲ್ಲಿ ಗಾಳಿ ಅಳೆಯುವ ಕೇಂದ್ರ ಇರುವುದು ಟಮಕ ಕೈಗಾರಿಕಾ ಪ್ರದೇಶದಲ್ಲಿ. ಅಲ್ಲಿಂದ ಈ ದಿಬ್ಬಗಳಿಗೆ ಸುಮಾರು 30 ಕಿ.ಮೀ. 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ನಮ್ಮ ರಾಜ್ಯದ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಕಲಬುರಗಿ ಇವೆ, ಕೆಜಿಎಫ್ ಇಲ್ಲ.

ಇದನ್ನೆಲ್ಲ ಈಗ ಬರೆಯೋಕೆ ಕಾರಣ ಇದೆ. 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ 13 ದಿಬ್ಬಗಳ 1,003 ಎಕರೆಯಲ್ಲಿ ಮತ್ತೆ ಗಣಿಗಾರಿಕೆಗೆ ಒಪ್ಪಿಗೆ ಕೊಟ್ಟಿತು. ಆ ಹಿಟ್ಟಿನಲ್ಲಿ ಇನ್ನೂ ಚಿನ್ನ ಇದೆ. ಕೆಲಸ ಸಿಗುತ್ತೆ ಅಂತ ಅಲ್ಲಿಯ ಹುಡುಗರು ಆಸೆಯಿಂದ ಇದ್ದಾರೆ, ಆ ಆಸೆಯನ್ನು ನಾನು ತಪ್ಪು ಅನ್ನಲ್ಲ. ಆದರೆ ಕೂತ ಧೂಳನ್ನು ಮತ್ತೆ ಕೆದಕುವ ಮೊದಲು ಅಲ್ಲೊಂದು ಮಷಿನ್ ಇಡಿ. ಇವತ್ತಿನ ಗಾಳಿ ಹೇಗಿದೆ ಅಂತ ಬರೆದಿಡಿ. ಆ ಲೈನುಗಳ ಹೆಂಗಸರಿಗೂ ಎಕ್ಸ್‌ರೇ ಮಾಡಿಸಿ. ನಾಳೆ ಒಬ್ಬರು ಉಸಿರು ಕಟ್ಟಿ ಬಿದ್ದರೆ, ಇದು ಮೊದಲೇ ಇತ್ತು ಅಂತ ಯಾರೂ ಕೈ ತೊಳೆದುಕೊಳ್ಳೋ ಹಾಗಾಗಬಾರದು.

ಹೊರಡುವಾಗ ಅಕ್ಕ ಬಾಗಿಲ ಹಿಂದಿನ ಕ್ಯಾಲೆಂಡರ್ ತೋರಿಸಿದರು. ಹಾಲು ತಗೊಂಡ ದಿನಕ್ಕೆ ನೀಲಿ ಚುಕ್ಕೆ. ಅದರ ಪಕ್ಕ ಕೆಲವು ದಿನಗಳಿಗೆ ಕೆಂಪು ಗೆರೆ. ಏನಕ್ಕ ಇದು ಅಂದೆ. "ಧೂಳು ಬಂದ ದಿನ. ಮೊಮ್ಮಗನಿಗೆ ಉಬ್ಬಸ ಬಂದ ದಿನ ಎರಡು ಗೆರೆ ಹಾಕ್ತೀನಿ. ಡಾಕ್ಟರ್ ಯಾವಾಗಿಂದ ಅಂತ ಕೇಳ್ತಾರಲ್ಲ" ಅಂದರು. ಜುಲೈ ಹಾಳೆಯಲ್ಲಿ ಹತ್ತೊಂಬತ್ತು ದಿನಕ್ಕೆ ಗೆರೆ ಇತ್ತು. ಹಳೇ ವರ್ಷಗಳ ಕ್ಯಾಲೆಂಡರ್‌ಗಳನ್ನೂ ಸುತ್ತಿ ಮಂಚದ ಕೆಳಗೆ ಇಟ್ಟಿದ್ದಾರಂತೆ. ಈ ಆಷಾಢಕ್ಕೆ ಮತ್ತೆ ಹೋಗ್ತಿದ್ದೀನಿ, ಫಾರಂ ಇಲ್ಲದೆ. ಆ ಕ್ಯಾಲೆಂಡರ್‌ಗಳನ್ನು ಒಂದೊಂದಾಗಿ ಬಿಡಿಸಿ, ಅಕ್ಕನ ಪಕ್ಕ ಕೂತು ಬರೆದುಕೊಳ್ಳಬೇಕು.