ಸತ್ಯಾಂಶ: ಕೈಗೆಟುಕುವ ಬಾಡಿಗೆ ಎಂದರೆ ಬಿಟ್ಟಿ ಮನೆಯಲ್ಲ

“ಹೊಸ ವಸತಿ ಕಟ್ಟಡಗಳಲ್ಲಿ ಅರ್ಧದಷ್ಟು ಮನೆಗಳನ್ನು ದುಡಿಯದವರಿಗೆ ಪುಕ್ಕಟೆ ಕೊಡಬೇಕಂತೆ” ಎಂಬ ಸಂದೇಶ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿದೆ. ಇದು ನಿಜವಲ್ಲ.

ಹೊಸ ಕಟ್ಟಡಗಳಲ್ಲಿ ಕೈಗೆಟುಕುವ ಬಾಡಿಗೆಯ ಮನೆಗಳನ್ನು ಮೀಸಲಿಡಲು ಹೇಳುವ ನ್ಯೂಯಾರ್ಕ್ ನಗರದ 2016ರ ನಿಯಮವನ್ನೇ ನೋಡಿ. ಯಾವ ಜಾಗದಲ್ಲಿ ಏನು, ಎಷ್ಟು ಕಟ್ಟಬಹುದು ಎಂಬ ವಲಯ ನಿಯಮ ಬದಲಿಸಿ ಹೆಚ್ಚು ಮನೆ ಕಟ್ಟಲು ನಗರ ಅನುಮತಿ ಕೊಟ್ಟ ಕಡೆ ಅದು ಅನ್ವಯಿಸುತ್ತದೆ. ಮುಖ್ಯ ಆಯ್ಕೆಗಳು ಎರಡು: ವಸತಿ ವಿಸ್ತೀರ್ಣದ ಶೇ. 25 ಅಥವಾ ಶೇ. 30 ಭಾಗವನ್ನು ಕಡಿಮೆ ಬಾಡಿಗೆಗೆ ಮೀಸಲಿಡುವುದು. ಬಾಡಿಗೆಯನ್ನು ತಿಂಗಳು ತಿಂಗಳೂ ಕಟ್ಟಲೇಬೇಕು. ಆ ಮನೆಗೆ ಗೊತ್ತುಪಡಿಸಿದ ವರಮಾನ ಮಟ್ಟದ ಸುಮಾರು ಶೇ. 30ರ ಲೆಕ್ಕದಲ್ಲಿ ಅದು ನಿಗದಿಯಾಗುತ್ತದೆ.

‘ದುಡಿಯದವರು’ ಎಂಬ ಮಾತು ನನಗೆ ನಿಜಕ್ಕೂ ನೋವು ತರುತ್ತದೆ. ಈ ಮನೆಗಳನ್ನು ಹಂಚುವ ಲಾಟರಿಯಲ್ಲಿ ಹೆಸರು ಬಂದವರು ಸಂಬಳದ ಚೀಟಿ, ತೆರಿಗೆ ದಾಖಲೆಗಳನ್ನು ಹಿಡಿದು ವರಮಾನ ಸಾಬೀತುಪಡಿಸಬೇಕು. ಅವರಲ್ಲಿ ಹೆಚ್ಚಿನವರು ದುಡಿಯುವವರೇ. ಆ ಸಂಬಳಕ್ಕೆ ಮಾರುಕಟ್ಟೆಯ ಬಾಡಿಗೆ ನಿಲುಕುವುದಿಲ್ಲ, ಅಷ್ಟೆ.

ಇಂತಹ ನಿಯಮದಿಂದ ನಿರ್ಮಾಣವೇ ನಿಂತುಹೋಗುತ್ತದೆ ಎಂಬ ಆತಂಕವನ್ನು ಮಾತ್ರ ತಳ್ಳಿಹಾಕಲಾಗದು. ಮೀಸಲು ಪ್ರಮಾಣ ವಿಪರೀತವಾದರೆ ನಿರ್ಮಾಣಗಾರರಿಗೆ ಖರ್ಚು-ಆದಾಯದ ಲೆಕ್ಕ ಕೂಡಿಬರುವುದಿಲ್ಲ. ಅದಕ್ಕೇ 1970ರ ದಶಕದಿಂದ ಇಂತಹ ಕಾನೂನು ನಡೆಸುತ್ತಿರುವ ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಮಾಂಟ್ಗೊಮರಿ ಕೌಂಟಿ (ಜಿಲ್ಲೆಯಂಥ ಆಡಳಿತ ಘಟಕ), ಅದೇ ಜಾಗದಲ್ಲಿ ಹೆಚ್ಚುವರಿ ಮನೆಗಳನ್ನು ಕಟ್ಟಲು ನಿರ್ಮಾಣಗಾರರಿಗೆ ಅವಕಾಶ ಕೊಡುತ್ತದೆ.