ಮೂಲೆಯ ಮಿಂಚು

ಆಟ ಶುರುವಾಗಿ ಎರಡು ನಿಮಿಷವೂ ಆಗಿರಲಿಲ್ಲ, ಸಂಗೀತ ನಿದ್ದೆಗಣ್ಣಿನಲ್ಲಿ ಹಾಡಿದಂತೆ ರಾಗ ಎಳೆಯತೊಡಗಿತು. ಪರದೆಯ ಮೂಲೆಯಲ್ಲಿ ಪುಟ್ಟ ಹಳದಿ ಮಿಂಚೊಂದು ಬಂದು, ಕನ್ನಡಕ ಸರಿಮಾಡಿಕೊಳ್ಳುವಷ್ಟರಲ್ಲಿ ಮಾಯವಾಯಿತು. ನನ್ನ ರಾಸ್ಪ್‌ಬೆರಿ ಪೈ 4 ಎಂಬ ಅಂಗೈಯಗಲದ ಕಂಪ್ಯೂಟರು ಸೆಕೆಂಡಿಗೆ 150 ಕೋಟಿ ಸಲ ಮಿಡಿಯುತ್ತದೆ. ಹಳೆಯ ಆಟ ಆಡಿಸಲು ಅದು ವೇಷ ಕಟ್ಟಬೇಕಿದ್ದುದು 1982ರ ಕಮೊಡೋರ್ 64 ಎಂಬ ಮನೆ ಕಂಪ್ಯೂಟರಿನದು. ಅದರ ಮಿಡಿತ ಸುಮಾರು 10 ಲಕ್ಷ. ಅಷ್ಟು ಚಿಕ್ಕ ಪಾತ್ರಕ್ಕೆ ಇಷ್ಟು ದೊಡ್ಡ ನಟ ಏದುಸಿರು ಬಿಡುವುದೆಂದರೇನು?

ಕೇಳಿದವರೆಲ್ಲ ಹೇಳಿದ್ದು ಒಂದೇ: ಬಿಸಿ. ಬಿಸಿ ಹೀರುವ ಲೋಹದ ತುಂಡು, ಅಂದರೆ ಹೀಟ್ ಸಿಂಕ್ ಅಂಟಿಸಿದೆ. ಫ್ಯಾನ್ ಕೂರಿಸಿದೆ, ಅದು ಕಿವಿಯ ಬಳಿಯ ಸೊಳ್ಳೆಯಂತೆ ಗುಂಯ್ಗುಡತೊಡಗಿತು. 80 ಡಿಗ್ರಿ ಮುಟ್ಟಿದರೆ ಪೈ ತಾನಾಗಿಯೇ ವೇಗ ತಗ್ಗಿಸುತ್ತದೆ, ನಿಜ. ಆದರೆ ನನ್ನದು 56ರಲ್ಲಿ ತಣ್ಣಗೆ ಕುಳಿತಿತ್ತು. ಹಣೆ ಮುಟ್ಟಿ ನೋಡದೆ ಜ್ವರದ ಮಾತ್ರೆ ಬರೆಯುವವರಿಗೆ ನಮ್ಮಲ್ಲಿ ಎಂದೂ ಕೊರತೆಯಿಲ್ಲ.

ಮುಂದಿನ ಅನುಮಾನ ಕಮೊಡೋರಿನ ಫ್ಲಾಪಿ ಡ್ರೈವಿನ ಅನುಕರಣೆಯ ಮೇಲೆ. ಈ 1541 ಡ್ರೈವಿನ ವಿಷಯ ಬಂದರೆ ನನ್ನ ಬಾಯಿ ನಿಲ್ಲುವುದಿಲ್ಲ, ದಯವಿಟ್ಟು ಸಹಿಸಿಕೊಳ್ಳಿ. ಅದರೊಳಗೆ ಅದರದೇ ಪ್ರೊಸೆಸರ್ ಇತ್ತು, ಅದೂ ಆ ಕಾಲದ ಕಂಪ್ಯೂಟರುಗಳಲ್ಲೇ ಇರುತ್ತಿದ್ದ 6502. ಅಂದರೆ ಡ್ರೈವನ್ನು ನಿಷ್ಠೆಯಿಂದ ಅನುಕರಿಸುವುದೆಂದರೆ ಇನ್ನೊಂದು ಕಂಪ್ಯೂಟರನ್ನೇ ಅನುಕರಿಸುವುದು. ಇಷ್ಟೆಲ್ಲ ಇದ್ದೂ ಅದು ಸೆಕೆಂಡಿಗೆ ಸಾಗಿಸುತ್ತಿದ್ದುದು ಸುಮಾರು 400 ಬೈಟ್. ಕಾರಣ ಕೇಳಿದರೆ ನಗಬೇಕೋ ಅಳಬೇಕೋ ತಿಳಿಯದು. ಕಮೊಡೋರಿನದೇ ಹಿಂದಿನ ಕಂಪ್ಯೂಟರು ವಿಐಸಿ-20ರ ಕಾಲದಲ್ಲಿ 6522 ಎಂಬ ಚಿಪ್ಪಿನ ಶಿಫ್ಟ್ ರಿಜಿಸ್ಟರಿನಲ್ಲಿ, ಅಂದರೆ ಬಿಟ್‌ಗಳನ್ನು ತಾನೇ ಸಾಲಾಗಿ ಕಳಿಸಬೇಕಾದ ಭಾಗದಲ್ಲಿ, ದೋಷವಿತ್ತು. ಹಾಗಾಗಿ ಬಿಟ್‌ಗಳನ್ನು ಸಾಫ್ಟ್‌ವೇರೇ ಒಂದೊಂದಾಗಿ ಕೈಹಿಡಿದು ದಾಟಿಸಬೇಕಾಯಿತು. ಕಮೊಡೋರ್ 64ಕ್ಕೆ ಬೇರೆ ಚಿಪ್ ಬಂದರೂ ಹಳೆಯ ನಡಿಗೆ ಬಿಡಲಿಲ್ಲ. ಸಾಲದ್ದಕ್ಕೆ ಅದರ ಚಿತ್ರದ ಚಿಪ್ ಪ್ರತಿ ಎಂಟು ಗೆರೆಗೊಮ್ಮೆ ಪ್ರೊಸೆಸರಿನ ಹೊತ್ತನ್ನು ಕದಿಯುತ್ತಿದ್ದುದರಿಂದ, ಡ್ರೈವನ್ನು ಮತ್ತಷ್ಟು ನಿಧಾನ ಮಾಡಿದರು! ವಿದ್ಯುತ್ ಪೂರೈಕೆಯ ಭಾಗವನ್ನೂ ಆ ಡಬ್ಬಿಯೊಳಗೇ ತುರುಕಿದ್ದರು, ಆದ್ದರಿಂದ ಅದು ಬಿಸಿಯೇರುತ್ತಿತ್ತು ಬೇರೆ. ಇಂಥ ಅವಲಕ್ಷಣವನ್ನೆಲ್ಲ ಒಂದೂ ಬಿಡದೆ ಉಳಿಸಿಕೊಡಲು ಜಾಣರು ವರ್ಷಗಟ್ಟಲೆ ಕೋಡ್ ಬರೆದಿದ್ದಾರೆ. ನಾನು ಆ ನಿಷ್ಠೆಯ ಅನುಕರಣೆಯ ಆಯ್ಕೆಯನ್ನು ನಿಲ್ಲಿಸಿದೆ. ಆಟ ಕಣ್ಮುಚ್ಚಿ ತೆರೆಯುವುದರೊಳಗೆ ಲೋಡ್ ಆಯಿತು. ಏನೋ ಮೋಸ ಮಾಡಿದಂತೆನಿಸಿ ಮತ್ತೆ ಹಾಕಿದೆ. ಹೇಗಿದ್ದರೂ ಸಂಗೀತ ಎಳೆಯುತ್ತಲೇ ಇತ್ತು.

ಕೊನೆಗೆ ಟರ್ಮಿನಲ್ಲಿನಲ್ಲಿ ಪೈಯನ್ನೇ ಕೇಳಿದೆ. ಮೊದಲೇ ಕೇಳಬಹುದಿತ್ತು, ಇರಲಿ. 0ಎಕ್ಸ್50005 ಎಂದಿತು. ಬಿಡಿಸಿದರೆ ಅರ್ಥ ಇಷ್ಟೇ: ವೋಲ್ಟೇಜ್ ಈಗಲೂ ಸಾಲದು, ಆಗಲೂ ಸಾಲದಾಗಿತ್ತು; ಅದಕ್ಕೇ ವೇಗ ಇಳಿಸಿದ್ದೇನೆ. ಸುಮಾರು 4.63 ವೋಲ್ಟಿಗಿಂತ ಕೆಳಗಿಳಿದರೆ ಆ ಮಿಂಚು ಮೂಡುತ್ತದೆಯಂತೆ. ಕೊರತೆಯನ್ನು ಹೇಳಲು ಮಿಂಚಿನ ಚಿತ್ರ ಆರಿಸಿದವರ ತಲೆಗೆ ನಮಸ್ಕಾರ. ಅಡಾಪ್ಟರು ಗಟ್ಟಿಯಾಗಿಯೇ ಇತ್ತು. ತಪ್ಪು ಕೇಬಲ್ಲಿನದು: ಯಾವುದೋ ಸಾಧನದ ಜೊತೆ ಪುಕ್ಕಟೆ ಬಂದ, ಶಾವಿಗೆಯಂಥ ಉದ್ದನೆಯ ಕೇಬಲ್. ಐದು ವೋಲ್ಟ್ ಈ ತುದಿಯಲ್ಲಿ ಹೊರಟು ದಾರಿಯಲ್ಲೇ ಸೊರಗುತ್ತಿತ್ತು. ಬಿಸಿಯೆಂದು ನಾನು ಕೂರಿಸಿದ ಫ್ಯಾನೂ ಅದೇ ಕೇಬಲ್ಲಿನಿಂದ ಹೀರಿಕೊಳ್ಳುತ್ತಿತ್ತು.

ದಪ್ಪನೆಯ ಗಿಡ್ಡ ಕೇಬಲ್ ಹುಡುಕಿ ಚುಚ್ಚಿದೆ. ಫ್ಯಾನ್ ಕಿತ್ತಿಟ್ಟೆ. ಸಂಗೀತ ನೆಟ್ಟಗಾಯಿತು. ಈ ಇಡೀ ಪ್ರಸಂಗದಿಂದ ನಿಧಾನದ ಬಗ್ಗೆ ಏನೋ ಒಂದು ದೊಡ್ಡ ಮಾತು ಹೊಳೆಯುತ್ತಿದೆ ಎನ್ನಿಸಿ, 1541 ಉಸಿರೆಳೆದುಕೊಂಡು ಲೋಡ್ ಮಾಡುವುದನ್ನೇ ನೋಡುತ್ತ ಕುಳಿತೆ. ಅಷ್ಟರಲ್ಲಿ ಮಗಳು ಬಂದು, "ಅಪ್ಪಾ, ನನ್ನ ಚಾರ್ಜರ್ ಕೇಬಲ್ ನೀವು ತೆಗೆದುಕೊಂಡಿರಾ?" ಎಂದವಳೇ ಕಿತ್ತುಕೊಂಡು ಹೋದಳು.