ಬಾಗಿಲು ಹಾಕಿದಾಗ ಬರುವ ಆ ‘ಧಬ್’ ಸದ್ದು ಮತ್ತು ಫೋಕ್ಸ್‌ವ್ಯಾಗನ್ ಎಂಬ ಹೆಸರು

ಕಳೆದ ಭಾನುವಾರ ಅಣ್ಣನ ಮಗನ ಜೊತೆ ಸೆಕೆಂಡ್ ಹ್ಯಾಂಡ್ ಕಾರು ನೋಡೋಕೆ ಹೋಗಿದ್ದೆ. ಅವನು ಕೆಲಸಕ್ಕೆ ಸೇರಿ ಎರಡು ವರ್ಷ ಆಯ್ತು, ಇದು ಅವನ ಮೊದಲ ಕಾರು. ಅಂಗಳದಲ್ಲಿ ಇಪ್ಪತ್ತು ಮೂವತ್ತು ಗಾಡಿ ನಿಂತಿದ್ದವು. ಅವನು ಅತ್ತಿತ್ತ ನೋಡದೆ ಸೀದಾ ಹೋಗಿದ್ದು 2013ರ ಒಂದು ಬಿಳಿ ಪೋಲೋ ಡೀಸೆಲ್ ಹತ್ತಿರ. ಬಾಗಿಲು ತೆಗೆದ, ಹಾಕಿದ. ಧಬ್. ಮತ್ತೆ ತೆಗೆದ, ಹಾಕಿದ. ಧಬ್. “ಕೇಳಿಸ್ತಾ ಚಿಕ್ಕಪ್ಪ? ಬೇರೆ ಗಾಡಿಗಳದ್ದು ತಗಡು ಬಡಿದ ಹಾಗಿರುತ್ತೆ. ಇದು ಜರ್ಮನ್ ಗಾಡಿ” ಅಂದ.

ನಾನು ಇಪ್ಪತ್ತಾರು ವರ್ಷ ಪಾಲಿಟೆಕ್ನಿಕ್‌ನಲ್ಲಿ ಆಟೊಮೊಬೈಲ್ ಪಾಠ ಮಾಡಿದವನು. ಆ ಸದ್ದು ಸುಳ್ಳಲ್ಲ ಅಂತ ನನಗೆ ಗೊತ್ತು. ಬಾಗಿಲಿನ ಬೀಡಿಂಗ್, ಬೆಸುಗೆ, ಕೀಲು ಎಲ್ಲದರಲ್ಲೂ ಕಾಳಜಿ ಇದ್ದರೇ ಆ ಸದ್ದು ಬರೋದು. ಆದರೆ ‘ಜರ್ಮನ್ ಗಾಡಿ’ ಅಂದಾಗ ಅವನು ಹೇಳಿದ್ದು ಬರೀ ಬಾಗಿಲಿನ ಮಾತಲ್ಲ. ಇವರು ಮೋಸ ಮಾಡಲ್ಲ, ಇವರ ಲೆಕ್ಕ ತಪ್ಪಲ್ಲ ಅನ್ನುವ ಒಂದು ಭರವಸೆ ಅದರಲ್ಲಿತ್ತು. ನಮ್ಮ ಕಡೆ ಎಷ್ಟೋ ಜನ ಹೀಗೆಯೇ ಮಾತಾಡ್ತಾರೆ. ಅದಕ್ಕೆ ಈ ಕಂಪನಿಯ ಕಥೆಯನ್ನ ಮೊದಲಿಂದ ಹೇಳಬೇಕು ಅನ್ನಿಸಿತು. ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ಫೋಕ್ಸ್‌ವ್ಯಾಗನ್ ಅಂದರೆ ಜರ್ಮನ್ ಭಾಷೆಯಲ್ಲಿ ಜನರ ಗಾಡಿ. ಆ ಹೆಸರಿನ ಹಿಂದೆ ಇರೋದು ಹಿಟ್ಲರ್. ಸಾಮಾನ್ಯ ಕುಟುಂಬವೂ ಕೊಳ್ಳುವಂಥ ಕಾರು ಬೇಕು ಅಂತ 1934ರಲ್ಲಿ ಫರ್ಡಿನಾಂಡ್ ಪೋರ್ಶೆಗೆ ವಿನ್ಯಾಸದ ಕೆಲಸ ವಹಿಸಲಾಯಿತು. ಬೆಲೆ 990 ಮಾರ್ಕ್ (ಆಗಿನ ಜರ್ಮನ್ ಹಣ) ಅಂತ ಸಾರಿದರು. 1938ರ ಮೇ 26ರಂದು ಫಾಲರ್ಸ್‌ಲೇಬನ್ ಹತ್ತಿರದ ಬಯಲಿನಲ್ಲಿ ಕಾರ್ಖಾನೆಗೆ ಅಡಿಗಲ್ಲು ಬಿತ್ತು. ದುಡ್ಡು ಎಲ್ಲಿಂದ ಬಂತು? ನಾಜಿಗಳು ಕಾರ್ಮಿಕ ಸಂಘಗಳನ್ನ ಮುಚ್ಚಿಸಿ, ಅವುಗಳ ಆಸ್ತಿಯನ್ನೆಲ್ಲ ತಮ್ಮದೇ ಒಂದು ‘ಕಾರ್ಮಿಕ ರಂಗ’ಕ್ಕೆ ಸೇರಿಸಿಕೊಂಡಿದ್ದರಲ್ಲ, ಆ ಗಂಟಿನಿಂದ.

ಕಾರು ಕೊಳ್ಳುವ ಜನಕ್ಕೆ ಒಂದು ಉಳಿತಾಯ ಪುಸ್ತಕ ಕೊಟ್ಟರು. ವಾರಕ್ಕೆ 5 ಮಾರ್ಕ್ ಕೊಟ್ಟು ಒಂದು ಸ್ಟಾಂಪ್ ತಗೊಂಡು ಅದರಲ್ಲಿ ಅಂಟಿಸಬೇಕು. ನಮ್ಮಲ್ಲಿ ಚೀಟಿ ಕಟ್ಟಿದ ಹಾಗೇ, ಆದರೆ ಬಡ್ಡಿ ಇಲ್ಲ. ಸುಮಾರು 3,36,000 ಜನ ಹೀಗೆ ಕಟ್ಟಿದರು. ಸಂಜೆ ಊಟದ ಮೇಜಿನ ಮೇಲೆ ಪುಸ್ತಕ ಬಿಡಿಸಿ, ಸ್ಟಾಂಪಿನ ಹಿಂಭಾಗ ಒದ್ದೆ ಮಾಡಿ ಅಂಟಿಸುವ ಒಬ್ಬ ಫ್ಯಾಕ್ಟರಿ ಕೆಲಸಗಾರನನ್ನ ನಾನು ಎಷ್ಟೋ ಸಲ ಕಲ್ಪಿಸಿಕೊಂಡಿದ್ದೇನೆ. ಅವರಲ್ಲಿ ಒಬ್ಬರಿಗೂ ಆ ಯೋಜನೆಯಲ್ಲಿ ಕಾರು ಸಿಗಲಿಲ್ಲ. 1939ರಲ್ಲಿ ಯುದ್ಧ ಶುರುವಾಯಿತು, ಕಾರ್ಖಾನೆ ಸೈನ್ಯದ ಗಾಡಿ ಮಾಡೋಕೆ ಹೊರಟಿತು. ಆ ಉಳಿತಾಯದಾರರು ಯುದ್ಧ ಮುಗಿದ ಮೇಲೂ ವರ್ಷಗಟ್ಟಲೆ ಕೋರ್ಟು ಸುತ್ತಿದರು. ರಾಜಿ ಆಗಿದ್ದು 1961ರಲ್ಲಿ: ಹೊಸ ಕಾರು ಕೊಂಡರೆ ಬೆಲೆಯಲ್ಲಿ 600 ಮಾರ್ಕ್‌ವರೆಗೆ ಕಡಿತ, ಇಲ್ಲವಾದರೆ 100 ಮಾರ್ಕ್‌ವರೆಗೆ ನಗದು.

ಯುದ್ಧದ ವರ್ಷಗಳಲ್ಲಿ ಅಲ್ಲಿ ದುಡಿದವರು ಯಾರು? ಪೋಲೆಂಡಿನವರು, ಸೋವಿಯತ್ ನಾಡಿನವರು, ಫ್ರಾನ್ಸಿನವರು, ಇಟಲಿಯ ಸೈನಿಕ ಕೈದಿಗಳು, ಯಾತನಾ ಶಿಬಿರಗಳಿಂದ ಹಿಡಿದು ತಂದ ಯಹೂದಿಗಳು. ಒಟ್ಟು ಸುಮಾರು 20,000 ಮಂದಿ ಬಲವಂತದ ದುಡಿಮೆಗೆ ಸಿಕ್ಕವರು. ಸೈನ್ಯದ ಜೀಪು, ಲಂಡನ್ ಮೇಲೆ ಬಿದ್ದ ವಿ-1 ಹಾರುಬಾಂಬಿನ ಭಾಗಗಳು, ಎಲ್ಲ ಇವರ ಕೈಯಲ್ಲಿ ತಯಾರಾದವು. ಹೀಗೆ ದುಡಿಯುತ್ತಿದ್ದ ಹೆಂಗಸರಿಗೆ ಹುಟ್ಟಿದ ಕೂಸುಗಳನ್ನ ತಾಯಂದಿರಿಂದ ಕಿತ್ತು ಒಂದು ‘ಶಿಶುಗೃಹ’ಕ್ಕೆ ಹಾಕುತ್ತಿದ್ದರು, ಕೊನೆಗೆ ಅದು ರ್‍ಯೂಹೆನ್ ಎಂಬ ಹಳ್ಳಿಯಲ್ಲಿತ್ತು. ಕೊಳಕು, ಸೋಂಕು, ಹಸಿವು. ಮುನ್ನೂರಕ್ಕೂ ಹೆಚ್ಚು ಮಕ್ಕಳು ಸತ್ತವು. ಹೊಣೆಗಾರನಾಗಿದ್ದ ಕಾರ್ಖಾನೆಯ ವೈದ್ಯನನ್ನ ಬ್ರಿಟಿಷರು 1947ರಲ್ಲಿ ಗಲ್ಲಿಗೇರಿಸಿದರು. ಕಾರಿನ ಕಥೆ ಹೇಳುವವರು ಈ ಮಕ್ಕಳನ್ನ ಬಿಟ್ಟು ಹೇಳಬಾರದು. ಒಂದು ಸಾಲಿಗಾದರೂ ನಿಂತು ಹೇಳಬೇಕು.

ಯುದ್ಧ ಮುಗಿದಾಗ ಬಾಂಬಿಗೆ ಸಿಕ್ಕ ಕಾರ್ಖಾನೆ, ಮುರಿದ ಛಾವಣಿ. ಪಕ್ಕದ ಹಳೇ ಕೋಟೆಯ ಹೆಸರನ್ನೇ ಇಟ್ಟು ಊರನ್ನ ವೋಲ್ಫ್ಸ್‌ಬುರ್ಗ್ ಅಂತ ಕರೆದರು. ಅಲ್ಲಿಗೆ ಬಂದವನು ಐವನ್ ಹರ್ಸ್ಟ್ ಎಂಬ ಬ್ರಿಟಿಷ್ ಮೇಜರ್. ಮೂಲೆಯಲ್ಲಿ ಉಳಿದಿದ್ದ ಒಂದು ಕಾರಿಗೆ ಹಸಿರು ಬಣ್ಣ ಬಳಿಸಿ ತನ್ನ ಮೇಲಧಿಕಾರಿಗಳಿಗೆ ಕಳಿಸಿದ. ಸೈನ್ಯಕ್ಕೆ ಗಾಡಿಗಳ ಬರ ಇತ್ತು, 20,000 ಕಾರಿಗೆ ಆರ್ಡರ್ ಸಿಕ್ಕಿತು. 1946ರ ಮಾರ್ಚ್ ಹೊತ್ತಿಗೆ ತಿಂಗಳಿಗೆ ಸಾವಿರ ಕಾರು ಹೊರಬರುತ್ತಿದ್ದವು. ತಮಾಷೆ ಅಂದರೆ ಬ್ರಿಟನ್ನಿನ ಕಾರು ಉದ್ಯಮದವರು ಬಂದು ನೋಡಿ ಈ ಕಾರು ಕೆಲಸಕ್ಕೆ ಬರಲ್ಲ ಅಂದರು. 1948ರಲ್ಲಿ ಫೋರ್ಡ್ ಕೂಡ ಬೇಡ ಅಂತು. ಆ ವರ್ಷವೇ ಹೈನ್‌ರಿಕ್ ನಾರ್ಡ್‌ಹಾಫ್ ಮುಖ್ಯಸ್ಥನಾಗಿ ಬಂದ, ಮುಂದಿನ ವರ್ಷ ಬ್ರಿಟಿಷರು ಕಾರ್ಖಾನೆಯನ್ನ ಜರ್ಮನರಿಗೇ ಒಪ್ಪಿಸಿದರು.

ಮುಂದಿನದು ಎಲ್ಲರಿಗೂ ಗೊತ್ತಿರುವ, ಬೀಟಲ್ ಅಂತ ಹೆಸರಾದ ಇದೇ ಕಾರಿನ ಕಥೆ. ಹಿಂದೆ ಎಂಜಿನ್, ನೀರೇ ಬೇಡದ ಗಾಳಿಯ ಕೂಲಿಂಗ್, ಯಾರು ಬೇಕಾದರೂ ಬಿಚ್ಚಿ ಜೋಡಿಸಬಹುದಾದ ಸರಳತೆ. 1955ರಲ್ಲಿ ಹತ್ತು ಲಕ್ಷನೇ ಕಾರು. 1972ರ ಫೆಬ್ರವರಿ 17ರಂದು 1,50,07,034ನೇ ಬೀಟಲ್ ಹೊರಬಂದಾಗ ಫೋರ್ಡಿನ ಮಾಡೆಲ್ ಟಿ ದಾಖಲೆ ಮುರಿಯಿತು. ಕೊನೆಯದು 2003ರ ಜುಲೈ 30ರಂದು ಮೆಕ್ಸಿಕೋದ ಪ್ಯೂಬ್ಲಾದಲ್ಲಿ, ಸಂಖ್ಯೆ 2,15,29,464. ನನ್ನ ಅಣ್ಣನ ಮಗ ನಂಬುವ ಹೆಸರು ಈ ವರ್ಷಗಳಲ್ಲಿ ಬೆಳೆದದ್ದು. ಅದು ನಿಜವಾದ ಗಳಿಕೆ. ಪಾಠ ಮಾಡುವಾಗ ಆ ಎಂಜಿನ್ನಿನ ಚಿತ್ರ ಬೋರ್ಡಿನ ಮೇಲೆ ಬರೆಯೋದು ನನಗೆ ಬಹಳ ಇಷ್ಟವಾಗಿತ್ತು. ಒಂದೊಂದು ಭಾಗಕ್ಕೂ ಅಲ್ಲಿರೋಕೆ ಕಾರಣ ಇತ್ತು.

ಕಂಪನಿ ತನ್ನ ಹಳೇ ಪಾಪವನ್ನ ಮುಚ್ಚಿಟ್ಟೇ ಇತ್ತು ಅನ್ನೋದೂ ಸರಿಯಲ್ಲ. 1986ರಲ್ಲಿ ಇತಿಹಾಸಕಾರ ಹಾನ್ಸ್ ಮೋಮ್ಸೆನ್ ಅವರಿಗೆ ಯುದ್ಧಕಾಲದ ಸತ್ಯ ಹುಡುಕುವ ಕೆಲಸ ಒಪ್ಪಿಸಿತು. ಹತ್ತು ವರ್ಷ ಹಿಡಿಯಿತು, ಹೊರಬಂದ ಪುಸ್ತಕ ಸಾವಿರ ಪುಟ ಮೀರಿತ್ತು. 1998ರಲ್ಲಿ ಬದುಕುಳಿದ ಬಲವಂತದ ಕೆಲಸಗಾರರಿಗೆ ಪರಿಹಾರ ನಿಧಿ, 1999ರಲ್ಲಿ ಕಾರ್ಖಾನೆಯ ಬಾಂಬ್ ರಕ್ಷಣಾ ನೆಲಮಾಳಿಗೆಯಲ್ಲೇ ಒಂದು ಸ್ಮಾರಕ. ತಡವಾಯಿತು, ಬಹಳ ತಡವಾಯಿತು. ಆದರೂ ಮಾಡಿದರು. ಹಾಗೆ ತನ್ನ ಲೆಕ್ಕ ತಾನೇ ಬಿಚ್ಚಿಟ್ಟ ಕಂಪನಿ ಮುಂದೆ ಮಾಡಿದ್ದನ್ನ ನೆನೆದಾಗಲೇ ನನಗೆ ಹೆಚ್ಚು ಸಂಕಟ ಆಗೋದು.

ಡೀಸೆಲ್ ಎಂಜಿನ್ನಿನ ಕಷ್ಟ ಏನು ಅಂತ ಸ್ವಲ್ಪ ಹೇಳ್ತೀನಿ. ಒಳಗೆ ಒತ್ತಡ ಹೆಚ್ಚು, ಬಿಸಿ ಹೆಚ್ಚು, ಗಾಳಿಯೂ ಧಾರಾಳ. ಆ ಬಿಸಿಯಲ್ಲಿ ಗಾಳಿಯ ನೈಟ್ರೋಜನ್ನೇ ಆಕ್ಸಿಜನ್ ಜೊತೆ ಸೇರಿ ನೈಟ್ರೋಜನ್ ಆಕ್ಸೈಡ್ ಆಗುತ್ತೆ. ಇದು ಕಪ್ಪು ಹೊಗೆಯ ಹಾಗೆ ಕಣ್ಣಿಗೆ ಹೊಡೆಯಲ್ಲ, ಶ್ವಾಸಕೋಶಕ್ಕೆ ಹೊಡೆಯುತ್ತೆ. ಇದನ್ನ ತಗ್ಗಿಸೋಕೆ ಒಂದೋ ಆಗಾಗ ಹೆಚ್ಚು ಇಂಧನ ಸುಡಬೇಕು, ಇಲ್ಲ ಸೈಲೆನ್ಸರ್ ಕಡೆ ಹೋಗುವ ಹೊಗೆಗೆ ಯೂರಿಯಾ ದ್ರಾವಣ ಚಿಮ್ಮಿಸಬೇಕು. ಮೈಲೇಜ್, ಬೆಲೆ, ಶುದ್ಧ ಹೊಗೆ, ಮೂರನ್ನೂ ಒಟ್ಟಿಗೆ ಕೊಡೋದು ಕಷ್ಟ. ಫೋಕ್ಸ್‌ವ್ಯಾಗನ್ ಮೂರನ್ನೂ ಕೊಡ್ತೀವಿ ಅಂತ ಅಮೆರಿಕದಲ್ಲಿ ‘ಕ್ಲೀನ್ ಡೀಸೆಲ್’ ಜಾಹೀರಾತು ಹಾಕಿತು. ಅದರ ಜೆಟ್ಟಾ ಡೀಸೆಲ್ ಕಾರಿಗೆ 2009ರ ಹಸಿರು ಕಾರು ಪ್ರಶಸ್ತಿಯೂ ಬಂತು.

ನಡೆದದ್ದು ಇಷ್ಟು. ಸರ್ಕಾರಿ ಪರೀಕ್ಷೆಯಲ್ಲಿ ಕಾರನ್ನ ರೋಲರ್ ಮೇಲೆ ನಿಲ್ಲಿಸಿ ಓಡಿಸ್ತಾರೆ. ಚಕ್ರ ತಿರುಗುತ್ತೆ, ಆದರೆ ಸ್ಟೇರಿಂಗ್ ಅಲುಗಾಡಲ್ಲ. ವೇಗ ಏರಿಳಿಯುವ ಕ್ರಮವೂ ಮೊದಲೇ ನಿಗದಿಯಾದದ್ದು. ಎಂಜಿನ್ ನಡೆಸುವ ಕಂಪ್ಯೂಟರಿನ ಸಾಫ್ಟ್‌ವೇರ್ ಇದನ್ನೆಲ್ಲ ಗಮನಿಸಿ ಈಗ ಪರೀಕ್ಷೆ ನಡೀತಿದೆ ಅಂತ ಗುರುತು ಹಿಡಿಯುತ್ತಿತ್ತು. ಆಗ ಹೊಗೆ ಶುದ್ಧ ಮಾಡುವ ವ್ಯವಸ್ಥೆ ಪೂರ್ತಿ ಕೆಲಸ ಮಾಡುತ್ತಿತ್ತು. ಕಾರು ರಸ್ತೆಗೆ ಇಳಿದ ತಕ್ಷಣ ಅದನ್ನ ತಗ್ಗಿಸಿಬಿಡುತ್ತಿತ್ತು. ಜಗತ್ತಿನಾದ್ಯಂತ ಇಂಥ ಕಾರುಗಳು ಸುಮಾರು 1.1 ಕೋಟಿ. ಇದು ಕೈತಪ್ಪಿ ಆದ ಎಡವಟ್ಟಲ್ಲ. ಬಾಗಿಲಿನ ಸದ್ದಿಗೆ ಎಷ್ಟು ನಿಗಾ ಇಟ್ಟಿದ್ದರೋ ಅಷ್ಟೇ ನಿಗಾ ಇಟ್ಟು ಮಾಡಿದ ಕೆಲಸ. ಒಳ್ಳೇ ಎಂಜಿನಿಯರ್‌ಗಳು ಕೂತು, ಬರೆದು, ಪರೀಕ್ಷಿಸಿ, ಸರಿಪಡಿಸಿದ ಮೋಸ. ಮೇಷ್ಟ್ರಾಗಿ ನನಗೆ ಇದನ್ನ ಇವತ್ತಿಗೂ ಅರಗಿಸಿಕೊಳ್ಳೋಕೆ ಆಗಿಲ್ಲ.

ಸಿಕ್ಕಿಬಿದ್ದದ್ದು ಹೇಗೆ ಅನ್ನೋದು ನಮ್ಮ ಜನಕ್ಕೆ ಗೊತ್ತಿರಲೇಬೇಕು. ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಡ್ಯಾನಿಯಲ್ ಕಾರ್ಡರ್ ಎಂಬುವರ ಕೈಕೆಳಗೆ ಒಂದು ಸಣ್ಣ ತಂಡ ಇತ್ತು. ಶುದ್ಧ ಸಾರಿಗೆಯ ಬಗ್ಗೆ ಸಂಶೋಧನೆ ಮಾಡಿಸುವ ಐಸಿಸಿಟಿ ಎಂಬ ಸಂಸ್ಥೆ ಕೊಟ್ಟ ಸುಮಾರು 70,000 ಡಾಲರ್ ಅನುದಾನ. ಕಾರು ಉದ್ಯಮದ ಲೆಕ್ಕದಲ್ಲಿ ಅದು ಚಿಲ್ಲರೆ ಕಾಸು. ಆ ತಂಡದಲ್ಲಿದ್ದ ಸಂಶೋಧಕರು ಮಾರ್ಕ್ ಬೆಷ್, ಅರವಿಂದ್ ತಿರುವೇಂಗಡಂ ಮತ್ತು ಹೇಮಂತ್ ಕಪ್ಪಣ್ಣ. ಅವರ ಆಲೋಚನೆ ಸರಳ. ಕಾರನ್ನ ರೋಲರ್ ಮೇಲಿಂದ ಇಳಿಸಿ ರಸ್ತೆಯಲ್ಲೇ ಅಳೆಯೋಣ. ಡಿಕ್ಕಿಯಲ್ಲಿ ಅಳತೆಯ ಯಂತ್ರ, ಅದಕ್ಕೆ ಕರೆಂಟು ಕೊಡೋಕೆ ಜನರೇಟರ್, ಸೈಲೆನ್ಸರಿನಿಂದ ಡಿಕ್ಕಿಗೆ ಪೈಪು. ಜನರೇಟರ್ ಕೈಕೊಟ್ಟಿದ್ದೂ ಉಂಟು. ಹಾಗೇ ಕ್ಯಾಲಿಫೋರ್ನಿಯಾದ ರಸ್ತೆಗಳಲ್ಲಿ ಓಡಿಸಿದರು, ಫೋಕ್ಸ್‌ವ್ಯಾಗನ್ನಿನದೇ ಪಸಾಟ್ ಕಾರನ್ನ ಲಾಸ್ ಏಂಜಲಿಸ್‌ನಿಂದ ಸಿಯಾಟಲ್‌ವರೆಗೂ ತಗೊಂಡು ಹೋಗಿ ಬಂದರು. ಜೆಟ್ಟಾ ಮಿತಿಗಿಂತ 15ರಿಂದ 35 ಪಟ್ಟು, ಪಸಾಟ್ 5ರಿಂದ 20 ಪಟ್ಟು ನೈಟ್ರೋಜನ್ ಆಕ್ಸೈಡ್ ಉಗುಳಿದವು. ಅದೇ ಪರೀಕ್ಷೆಯಲ್ಲಿ ಇನ್ನೊಂದು ಜರ್ಮನ್ ಕಾರು, ಬಿಎಂಡಬ್ಲ್ಯೂ ಎಕ್ಸ್5, ಬಹುಪಾಲು ಮಿತಿಯೊಳಗೇ ಇತ್ತು. ಗಮನಿಸಿ, ಒಂದೇ ದೇಶದ ಎರಡು ಕಂಪನಿ. ದೇಶದ ಹೆಸರಿನಿಂದ ಏನೂ ತಿಳಿಯಲಿಲ್ಲ, ಅಳೆದಾಗಲೇ ತಿಳಿದದ್ದು.

ಆ ವರದಿ 2014ರಲ್ಲಿ ಹೊರಬಂತು. ಕ್ಯಾಲಿಫೋರ್ನಿಯಾದ ಅಧಿಕಾರಿಗಳು ಪಟ್ಟು ಬಿಡದೆ ಪ್ರಶ್ನೆ ಕೇಳುತ್ತಲೇ ಹೋದರು, ಕಂಪನಿ ಒಂದು ವರ್ಷಕ್ಕೂ ಹೆಚ್ಚು ಕಾಲ ಸಬೂಬು ಹೇಳುತ್ತಲೇ ಇತ್ತು. 2015ರ ಸೆಪ್ಟೆಂಬರ್ 18ರಂದು ಅಮೆರಿಕದ ಪರಿಸರ ಇಲಾಖೆ ನೋಟಿಸ್ ಕೊಟ್ಟಿತು. ಐದು ದಿನಕ್ಕೆ ಮುಖ್ಯಸ್ಥ ಮಾರ್ಟಿನ್ ವಿಂಟರ್‌ಕಾರ್ನ್ ರಾಜೀನಾಮೆ. ದಂಡ, ಪರಿಹಾರ ಎಲ್ಲ ಸೇರಿ ಕಂಪನಿ ತೆತ್ತದ್ದು 3,000 ಕೋಟಿ ಯೂರೋಗೂ ಹೆಚ್ಚು. 2025ರ ಮೇ ತಿಂಗಳಲ್ಲಿ ಜರ್ಮನಿಯ ಬ್ರೌನ್‌ಶ್ವೈಗ್ ಕೋರ್ಟು ನಾಲ್ವರು ಮಾಜಿ ಅಧಿಕಾರಿಗಳನ್ನ ತಪ್ಪಿತಸ್ಥರು ಅಂದಿತು, ಇಬ್ಬರಿಗೆ ಜೈಲು.

ಹೇಮಂತ್ ಕಪ್ಪಣ್ಣ ಮುಂದೆ ಅಮೆರಿಕದಲ್ಲೇ ಒಂದು ದೊಡ್ಡ ಕಾರು ಕಂಪನಿಯಲ್ಲಿ ಕೆಲಸಕ್ಕಿದ್ದರು. 2019ರಲ್ಲಿ ಸಾವಿರಾರು ಜನರನ್ನ ತೆಗೆದಾಗ ಇವರ ಕೆಲಸವೂ ಹೋಯಿತು, ಬೆಂಗಳೂರಿಗೆ ವಾಪಸ್ ಬಂದರು. ಜಗತ್ತಿನ ಅತಿ ದೊಡ್ಡ ಕಾರು ಕಂಪನಿಗಳಲ್ಲೊಂದರ ಸುಳ್ಳನ್ನ ಬಯಲು ಮಾಡಿದ ತಂಡದ ಮನುಷ್ಯ ನಮ್ಮ ಊರಿಗೆ ಬಂದಿಳಿದರೆ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಾಯಿತು? ನಾನು ತರಗತಿಯಲ್ಲಿ ಹುಡುಗರಿಗೆ ಪೋರ್ಶೆ ಹೆಸರು ಕೇಳಿದರೆ ಎಲ್ಲರೂ ಕೈ ಎತ್ತುತ್ತಿದ್ದರು. ಕಪ್ಪಣ್ಣ ಯಾರು ಅಂದರೆ ಮೌನ. ಆ ಮೌನ ನನಗೆ ನೋವು ಕೊಟ್ಟಿದೆ.

ಭಾರತದಲ್ಲಿ ಏನಾಯಿತು? ವಾಹನಗಳನ್ನ ಪರೀಕ್ಷಿಸುವ ಎಆರ್‌ಎಐ ಸಂಸ್ಥೆ ರಸ್ತೆಯಲ್ಲಿ ಪರೀಕ್ಷೆ ಮಾಡಿದಾಗ ಮಿತಿಗಿಂತ 1.1ರಿಂದ 2.6 ಪಟ್ಟು ಕಂಡಿತು. 2015ರ ಡಿಸೆಂಬರಿನಲ್ಲಿ ಕಂಪನಿ ಸುಮಾರು 3.23 ಲಕ್ಷ ಕಾರುಗಳನ್ನ ಸಾಫ್ಟ್‌ವೇರ್ ಬದಲಿಸೋಕೆ ವಾಪಸ್ ಕರೆಯಿತು. ಭಾರತದ ನಿಯಮ ತಾನು ಮುರಿದಿಲ್ಲ ಅಂತಲೇ ಅದರ ವಾದ. ಹಸಿರು ನ್ಯಾಯಮಂಡಳಿ 2019ರಲ್ಲಿ 500 ಕೋಟಿ ರೂಪಾಯಿ ದಂಡ ಹಾಕಿತು, ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಈ ಹಗರಣದ ಒಂದು ಒಳ್ಳೇ ಫಲವೂ ನಮಗೆ ಸಿಕ್ಕಿದೆ. 2023ರ ಏಪ್ರಿಲ್‌ನಿಂದ ತಯಾರಾಗುವ ಕಾರು ಮಾಡೆಲ್‌ಗಳೆಲ್ಲ ರಸ್ತೆಯ ಮೇಲಿನ ಪರೀಕ್ಷೆಯಲ್ಲೂ ಪಾಸಾಗಬೇಕು.

ಆದರೆ ಕಾರು ನಮ್ಮ ಕೈಗೆ ಬಂದ ಮೇಲೆ? ಪೆಟ್ರೋಲ್ ಬಂಕಿನ ಮೂಲೆಯ ಎಮಿಷನ್ ಟೆಸ್ಟ್ ವ್ಯಾನಿನಲ್ಲಿ ಡೀಸೆಲ್ ಗಾಡಿಗೆ ಅಳೆಯೋದು ಹೊಗೆಯ ಕಪ್ಪು ಎಷ್ಟು ಅನ್ನೋದನ್ನ ಮಾತ್ರ. ನೈಟ್ರೋಜನ್ ಆಕ್ಸೈಡನ್ನ ಅಳೆಯೋದೇ ಇಲ್ಲ. ಒಂದು ಸಲ ಒಂದು ಕಡೆ ನನ್ನ ಕಾರಿನ ಸೈಲೆನ್ಸರಿಗೆ ಪೈಪು ಕೂಡ ಹಾಕದೆ ನಂಬರ್ ಪ್ಲೇಟಿನ ಫೋಟೋ ತೆಗೆದು ಸರ್ಟಿಫಿಕೇಟ್ ಕೈಗೆ ಕೊಟ್ಟರು. ನಾನು ಪೈಪು ಹಾಕಿ ಅಂದೆ. ಹುಡುಗ ನನ್ನ ಮುಖ ನೋಡಿದ. ಹಿಂದೆ ನಿಂತಿದ್ದ ಗಾಡಿಯವರು ಹಾರ್ನ್ ಹೊಡೆದರು. ಆಮೇಲೆ ಹಾಕಿದ, ರೇಸ್ ಕೊಡಿ ಸಾರ್ ಅಂದ, ಕೊಟ್ಟೆ. ಎರಡನೇ ಸರ್ಟಿಫಿಕೇಟಿನಲ್ಲಿ ಅಂಕಿ ಬೇರೆ ಇತ್ತು.

ಇದನ್ನೆಲ್ಲ ಆ ಬಿಳಿ ಪೋಲೋ ಪಕ್ಕ ನಿಂತೇ ಹೇಳಿದೆ. ಹುಡುಗ ಮಧ್ಯೆ ಬಾಯಿ ಹಾಕಲಿಲ್ಲ. ಕೊನೆಗೆ, “ಹಾಗಾದ್ರೆ ತಗೋಬೇಡ ಅಂತೀರಾ ಚಿಕ್ಕಪ್ಪ?” ಅಂದ. ಹಾಗಲ್ಲ ಕಣೋ, ಗಾಡಿ ಗಟ್ಟಿಯಾಗೇ ಇದೆ, ಆದರೆ ಇದು ವಾಪಸ್ ಕರೆದ ವರ್ಷಗಳ ಡೀಸೆಲ್, ಆ ಸಾಫ್ಟ್‌ವೇರ್ ಬದಲಾಗಿದೆಯಾ ಅಂತ ಕೇಳು ಅಂದೆ. ಕೇಳಿದ. ಅಂಗಡಿಯವರು ಫೈಲ್ ತಿರುವಿದರು, ಇನ್ಶೂರೆನ್ಸ್ ಇತ್ತು, ಆರ್‌ಸಿ ಇತ್ತು, ಎಮಿಷನ್ ಸರ್ಟಿಫಿಕೇಟೂ ಇತ್ತು. “ಇದನ್ನ ಇಷ್ಟು ವರ್ಷದಲ್ಲಿ ಯಾರೂ ಕೇಳಿಲ್ಲ ಸಾರ್, ಸರ್ವೀಸ್ ಸೆಂಟರಿಗೆ ಕೇಳಿ ಹೇಳ್ತೀನಿ” ಅಂದರು. ಹುಡುಗ ಬಾನೆಟ್ ಎತ್ತಿಸಿ, ಬಗ್ಗಿ, ಧೂಳು ಒರೆಸಿ, ಚಾಸಿ ನಂಬರನ್ನ ಮೊಬೈಲಿನಲ್ಲಿ ಬರ್ಕೊಂಡ. ಅಡ್ವಾನ್ಸ್ ಕೊಟ್ಟಿಲ್ಲ. ಬುಧವಾರ ತಾನೇ ಸರ್ವೀಸ್ ಸೆಂಟರಿಗೆ ಹೋಗಿ ಕೇಳ್ತಾನಂತೆ.